ರಿಲೇ: ಬಿಟ್ಟುಕೊಡುವುದನ್ನು ಕಲಿಸುವ ಪದ

ತೋಟದ ಪಂಪ್‌ಸೆಟ್ ಏಕಾಏಕಿ ನಿಂತರೆ ರೈತ ಸ್ಟಾರ್ಟರ್ ಡಬ್ಬಿ ತೆರೆದು ನೋಡಿ ‘ರಿಲೇ ಟ್ರಿಪ್ ಆಗಿದೆ’ ಎನ್ನುತ್ತಾನೆ. ಶಾಲೆಯ ಕ್ರೀಡಾಕೂಟದಲ್ಲಿ ಮಕ್ಕಳೆಲ್ಲ ಗಂಟಲು ಹರಿಯುವಂತೆ ಕೂಗುವುದು ರಿಲೇ ಓಟಕ್ಕೆ. ತಾಲ್ಲೂಕು ಕಚೇರಿಯ ಮುಂದೆ ಶಾಮಿಯಾನ ಹಾಕಿಸಿ ದಿನಕ್ಕೊಂದು ತಂಡ ಕೂತರೆ ಅದು ರಿಲೇ ಉಪವಾಸ. ಎಂಬತ್ತರ ದಶಕದಲ್ಲಿ ಊರೂರಿಗೆ ದೂರದರ್ಶನವನ್ನು ತಂದ ಎತ್ತರದ ಕಂಬಗಳಿಗೂ ಜನ ರಿಲೇ ಸ್ಟೇಷನ್ ಎಂದೇ ಹೆಸರಿಟ್ಟರು. ಕಾರಿನ ಹಾರ್ನ್ ಕೆಟ್ಟಾಗ ಮೆಕ್ಯಾನಿಕ್ ಕಿತ್ತು ಬದಲಿಸುವ ಬೆರಳುದ್ದದ ಕಪ್ಪು ಡಬ್ಬಿಯೂ ರಿಲೇಯೇ. ಓಟ, ಉಪವಾಸ, ಕಂಬ, ಡಬ್ಬಿ: ಒಂದಕ್ಕೊಂದು ನಂಟಿಲ್ಲದಂತೆ ಕಾಣುವ ಇವೆಲ್ಲ ಒಂದೇ ಹೆಸರಿನಡಿ ಹೇಗೆ ಬಂದವು?

ಈ ಪದದ ಜಾಡು ಹಿಡಿದು ಹೊರಟರೆ ದಾರಿ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋದ ಅಂಗಳಕ್ಕೆ ಬಂದು ಮುಟ್ಟುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನಿಂದ ಹತ್ತಾರು ಮೈಲಿ ಆಚೆಯವರನ್ನು ಮಾತನಾಡಿಸಲು ಹ್ಯಾಮ್‌ಗಳು ನೆಚ್ಚಿಕೊಂಡಿರುವ ರಿಪೀಟರ್ ಎಂಬ ಯಂತ್ರದಲ್ಲಿ ಈ ಪದದ ಮೊಟ್ಟಮೊದಲ ಅರ್ಥ ಇವತ್ತಿಗೂ ಕೆಲಸ ಮಾಡುತ್ತಿದೆ. ರಿಪೀಟರ್ ಮೇಲೆ ಮಾತಾಡಲು ಕಲಿಯುವ ಹೊಸಬರಿಗೆ ಈ ಪದದ ಚರಿತ್ರೆಯಷ್ಟು ಒಳ್ಳೆಯ ಪಾಠ ಬೇರೆ ಇಲ್ಲವೆಂಬುದು ನನ್ನ ನಂಬಿಕೆ.

ಮಧ್ಯಯುಗದ ಫ್ರಾನ್ಸಿನಲ್ಲಿ ಜಿಂಕೆ ಬೇಟೆಯೆಂದರೆ ಇಡೀ ದಿನದ ಕೆಲಸ. ಜಿಂಕೆ ಹರದಾರಿಗಟ್ಟಲೆ ಓಡುತ್ತದೆ. ಬೆಳಿಗ್ಗೆ ಬೆನ್ನು ಹತ್ತಿದ ನಾಯಿಗಳು ಮಧ್ಯಾಹ್ನದ ಹೊತ್ತಿಗೆ ಸೋತು ಏದುಸಿರು ಬಿಡುತ್ತವೆ. ಅದಕ್ಕಾಗಿ ಬೇಟೆಗಾರರು ಜಿಂಕೆ ಹಾಯಬಹುದಾದ ದಾರಿಯುದ್ದಕ್ಕೂ ಅಲ್ಲಲ್ಲಿ ದಣಿಯದ ನಾಯಿಗಳನ್ನು ಮೊದಲೇ ಕಾಯಿಸಿ ಇಡುತ್ತಿದ್ದರು. ಹೀಗೆ ಕಾದು ನಿಂತ ಗುಂಪಿನ ಹೆಸರು ರಿಲೇ. ಹಳೆಯ ಫ್ರೆಂಚಿನ ‘ಲಾಯೆರ್’ ಎಂಬ ಕ್ರಿಯಾಪದ ಇದರೊಳಗೆ ಕೂತಿದೆ. ಅದರ ಅರ್ಥ ‘ಬಿಡು’. ಸೋತ ನಾಯಿಗಳನ್ನು ಬಿಟ್ಟು, ಹೊಸ ನಾಯಿಗಳ ಹಗ್ಗ ಬಿಚ್ಚುವುದು. ಇಂಗ್ಲೆಂಡಿನ ಚಾಸರ್ ಕವಿ 14ನೇ ಶತಮಾನದಲ್ಲಿ ಬರೆದ ‘ದ ಬುಕ್ ಆಫ್ ದ ಡಚೆಸ್’ ಕಾವ್ಯದ ಬೇಟೆಯ ಭಾಗದಲ್ಲೂ ಈ ಪದ ಇದೇ ಅರ್ಥದಲ್ಲಿ ಬರುತ್ತದೆ.

ನಾಯಿಗಳಿಂದ ಪದ ಕುದುರೆಗಳಿಗೆ ಹಾಯಿತು. ರಾಜದೂತನೋ ಪತ್ರದ ಚೀಲವೋ ದೂರ ಹೋಗಬೇಕಾದರೆ ದಾರಿಯಲ್ಲಿ ನಿಗದಿಯಾದ ಕಟ್ಟೆಗಳಲ್ಲಿ ಕುದುರೆ ಬದಲಾಗುತ್ತಿತ್ತು. ಆ ಕುದುರೆಗಳೂ ರಿಲೇ, ಕಟ್ಟೆಯೂ ರಿಲೇ. ಇಲ್ಲಿ ಪದಕ್ಕೆ ಹೊಸದೊಂದು ತಿರುವು ಸಿಕ್ಕಿತು. ಬೇಟೆಯಲ್ಲಿ ಮುಖ್ಯವಾಗಿದ್ದದ್ದು ಓಟ. ಅಂಚೆಯಲ್ಲಿ ಮುಖ್ಯವಾದದ್ದು ಕೈ ಬದಲಿಸಿಕೊಂಡು ಹೋಗುವ ವಸ್ತು. ಕುದುರೆ ಬದಲಾಯಿತು, ಸವಾರ ಬದಲಾದ, ಪತ್ರ ಮಾತ್ರ ಅದೇ ಉಳಿಯಿತು. ಮುಂದಿನ ಎಲ್ಲ ಅರ್ಥಗಳಿಗೂ ಇದೇ ಬುನಾದಿ.

‘ಅಂಚೆ’ ಎಂಬ ಮಾತು ಬಂದಮೇಲೆ ಅದನ್ನು ದಾಟಿ ಹೋಗುವಂತಿಲ್ಲ. ಏಕೆಂದರೆ ರಿಲೇ ಪದದ ಇಡೀ ಕಥೆ ನಮ್ಮ ಅಂಚೆಯೊಳಗೂ ಇದೆ. ಈಗ ನಮಗೆ ಅಂಚೆಯೆಂದರೆ ಪತ್ರ, ಪೆಟ್ಟಿಗೆ, ಕಚೇರಿ. ಆದರೆ ಅಕ್ಕಪಕ್ಕದ ಭಾಷೆಗಳನ್ನು ಕೇಳಿ ನೋಡಿ. ತೆಲುಗಿನಲ್ಲಿ ‘ಅಂಚೆ’ ಎಂದರೆ ಪಯಣದ ಒಂದು ಹಂತ. ‘ಅಂಚೆಲಂಚೆಲುಗಾ’ ಎಂದರೆ ಹಂತಹಂತವಾಗಿ. ತಮಿಳಿನ ‘ಅಂಜಲ್’ ಟಪಾಲಿಗೆ ಸಲ್ಲುವ ಪದ. ಶ್ರೀಲಂಕಾದ ತಮಿಳರು ರಿಲೇ ಓಟವನ್ನು ಕರೆಯುವುದು ‘ಅಂಜಲೋಟ್ಟಂ’ ಎಂದೇ. ಮಲಯಾಳದಲ್ಲಿ ತಿರುವಾಂಕೂರಿನ ಟಪಾಲು ‘ಅಂಚಲ್’ ಆಗಿತ್ತು. ನಾಲ್ಕೂ ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಳೆಯ ಅರ್ಥ ಎದ್ದು ಕಾಣುತ್ತದೆ: ಒಬ್ಬ ತನ್ನ ಪಾಲಿನ ದಾರಿಯನ್ನು ಓಡಿ ಮುಗಿಸಿ ಇನ್ನೊಬ್ಬನಿಗೆ ಒಪ್ಪಿಸುವುದು. ಪತ್ರ ಆಮೇಲೆ ಬಂದದ್ದು, ಸರಪಳಿ ಮೊದಲಿನದು.

ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿ ನಿಲ್ಲಿಸಿದ ಅಂಚೆ ಇಂಥ ಸರಪಳಿಯೇ. ಓಟಗಾರರು ತಮ್ಮ ತಮ್ಮ ಗಡಿಯವರೆಗೆ ಓಡಿ ಚೀಲ ದಾಟಿಸುತ್ತಿದ್ದರು. 1889ರಲ್ಲಿ ಬ್ರಿಟಿಷ್ ಭಾರತದ ಟಪಾಲಿನೊಂದಿಗೆ ವಿಲೀನವಾಗುವವರೆಗೂ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಸಂದೇಶ ಹೊತ್ತು ಓಡುವವನಿಗೆ ಪಾರಸಿಯಿಂದ ಬಂದ ‘ಹರಿಕಾರ’ ಎಂಬ ಹೆಸರೂ ಇತ್ತು. ಹೊಸ ಕಾಲದ ಸುದ್ದಿ ಮೊದಲು ತಂದವನೆಂಬ ಅರ್ಥಕ್ಕೆ ಬೆಳೆದು ಈಗ ಅದು ‘ಬದಲಾವಣೆಯ ಹರಿಕಾರ’ ಎಂದು ಭಾಷಣಗಳಲ್ಲಿ ಮೆರೆಯುತ್ತಿದೆ. ಹಳಗನ್ನಡದಲ್ಲಿ ‘ಅಂಚೆ’ ಹಂಸದ ತದ್ಭವವೂ ಹೌದು. ನಳನ ಮಾತನ್ನು ದಮಯಂತಿಗೆ ಒಯ್ದ ಹಂಸವನ್ನು ನೆನೆದು ಈ ಎರಡು ಅಂಚೆಗಳನ್ನು ಒಂದೇ ಎಂದವರುಂಟು. ಕೇಳಲು ಸೊಗಸಾದ ಮಾತು. ಆದರೆ ಹಂಸ ಒಂದೇ ಹಾರಾಟದಲ್ಲಿ ದಾರಿ ಮುಗಿಸಿತು. ಯಾರಿಗೂ ಏನನ್ನೂ ದಾಟಿಸಲಿಲ್ಲ. ನೆರೆಭಾಷೆಗಳ ಸಾಕ್ಷ್ಯ ಹಂಸಕ್ಕಿಂತ ಓಟಗಾರನ ಕಡೆಗೇ ಹೆಚ್ಚು ವಾಲುತ್ತದೆ.

19ನೇ ಶತಮಾನದಲ್ಲಿ ರಿಲೇ ಜೀವವಿಲ್ಲದ ವಸ್ತುವಿಗೆ ಹೆಸರಾಯಿತು. ತಂತಿಯಲ್ಲಿ ಹರಿಯುವ ವಿದ್ಯುತ್ತು ದೂರ ಹೋದಷ್ಟೂ ಕ್ಷೀಣಿಸುತ್ತದೆ. ಟೆಲಿಗ್ರಾಫ್ ಕಟ್ಟಹೊರಟವರನ್ನು ಮೊದಲು ಕಾಡಿದ ತೊಡಕು ಇದೇ. 1830ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಹೆನ್ರಿ ತೋರಿಸಿದ ಉಪಾಯ ಸರಳವಾಗಿತ್ತು: ಬಳಲಿ ಬಂದ ವಿದ್ಯುತ್ತಿಗೆ ದೊಡ್ಡ ಕೆಲಸ ಹೇಳಬೇಡಿ, ಒಂದು ಹಗುರವಾದ ಕೀಲನ್ನು ಎಳೆಯುವಷ್ಟು ಕಾಂತಶಕ್ತಿ ಅದರಿಂದ ಹುಟ್ಟಿದರೆ ಸಾಕು. ಆ ಕೀಲು ಮುಚ್ಚಿಕೊಂಡಾಗ ಪಕ್ಕದಲ್ಲಿ ಕಾದಿರುವ ಹೊಸ ಬ್ಯಾಟರಿ ಮುಂದಿನ ತಂತಿಗೆ ಹೊಸ ಪ್ರವಾಹವನ್ನು ಹರಿಸುತ್ತದೆ. ಸ್ಯಾಮ್ಯುಯೆಲ್ ಮೋರ್ಸ್ ಈ ತತ್ವವನ್ನೇ ನೆಚ್ಚಿ ತಂತಿ ಸುದ್ದಿಯನ್ನು ದೂರಕ್ಕೆ ಕಳಿಸಿದ. ಕಟ್ಟೆಯಲ್ಲಿ ಕುದುರೆ ಬದಲಾದ ಹಾಗೆಯೇ ಇಲ್ಲಿ ವಿದ್ಯುತ್ತು ಬದಲಾಗುತ್ತದೆ. ಆದ್ದರಿಂದಲೇ ಆ ಕೀಲಿಗೂ ರಿಲೇ ಎಂಬ ಹೆಸರು ನಿಂತಿತು. ಚಿಕ್ಕ ಪ್ರವಾಹ ದೊಡ್ಡದಕ್ಕೆ ಅಪ್ಪಣೆ ಕೊಡುವ ಈ ಏರ್ಪಾಡಿನ ವಂಶದವೇ ಕಾರಿನ ಕಪ್ಪು ಡಬ್ಬಿ ಮತ್ತು ಪಂಪ್‌ಸೆಟ್ಟಿನ ಸ್ಟಾರ್ಟರಿನೊಳಗಿನ ರಿಲೇ. ಓಟದ ಮೈದಾನಕ್ಕೆ ಪದ ಇಳಿದದ್ದು ಆ ಶತಮಾನದ ಕೊನೆಗೆ.

1914ರಲ್ಲಿ ಈ ಪದ ಹವ್ಯಾಸಿ ರೇಡಿಯೋದ ಹೆಸರಿನೊಳಗೇ ಸೇರಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದ ಇಂಜಿನಿಯರ್ ಹೈರಮ್ ಪರ್ಸಿ ಮ್ಯಾಕ್ಸಿಮ್ ಸುಮಾರು 40 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡಿನ ಒಬ್ಬ ಹವ್ಯಾಸಿಗೆ ಸಂದೇಶ ಕಳಿಸಲು ಯತ್ನಿಸಿದರು. ಅಲೆ ಮುಟ್ಟಲಿಲ್ಲ. ನಡುದಾರಿಯ ವಿಂಡ್ಸರ್ ಲಾಕ್ಸ್ ಊರಿನಲ್ಲಿ ಇನ್ನೊಬ್ಬ ಹವ್ಯಾಸಿ ಇದ್ದ. ಆತ ಕೇಳಿಸಿಕೊಂಡು ಮುಂದಕ್ಕೆ ಕಳಿಸಿದ, ಸಂದೇಶ ತಲುಪಿತು. ಒಂದು ಸಂದೇಶ ಹೀಗೆ ಹೋಗಬಲ್ಲದಾದರೆ ದೇಶದ ಉದ್ದಗಲಕ್ಕೂ ಹೀಗೆಯೇ ಹೋಗಬಾರದೇಕೆ ಎಂದು ಮ್ಯಾಕ್ಸಿಮ್ ಯೋಚಿಸಿದರು. ಅದೇ ವರ್ಷ ಕ್ಲಾರೆನ್ಸ್ ಟಸ್ಕ ಜೊತೆ ಸೇರಿ ಅವರು ಕಟ್ಟಿದ ಸಂಘದ ಹೆಸರು ಅಮೆರಿಕನ್ ರೇಡಿಯೋ ರಿಲೇ ಲೀಗ್. ಅಲ್ಲಿನ ಹವ್ಯಾಸಿಗಳ ರಾಷ್ಟ್ರೀಯ ಸಂಘ ಇಂದಿಗೂ ಅದೇ. 1912ರ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ಅಲೆಗಳಿಗೆ ತಳ್ಳಿತ್ತು. ಆ ಅಲೆಗಳಿಂದ ಪ್ರಯೋಜನವಿಲ್ಲವೆಂದು ದೊಡ್ಡ ಕಂಪನಿಗಳು ತಿಳಿದಿದ್ದ ಕಾಲ. ಒಬ್ಬೊಬ್ಬರ ಕೈಗೂ ದೂರ ನಿಲುಕದಿದ್ದಾಗ ಅವರು ಕೈಗೆ ಕೈ ಜೋಡಿಸಿದರು. 1917ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ಸಂದೇಶವೊಂದು ಹವ್ಯಾಸಿಗಳ ಕೈದಾಟಿ ಲಾಸ್ ಏಂಜಲಿಸ್ ಮುಟ್ಟಿತು. ಒಂದೂವರೆ ಗಂಟೆಯೊಳಗೆ ಉತ್ತರವೂ ತಿರುಗಿ ಬಂತು.

ರೇಡಿಯೋ ನಿರ್ವಾಹಕರ ಸಂಕೇತಭಾಷೆಯಲ್ಲಿ ಈ ಕೆಲಸಕ್ಕೆಂದೇ ಮೂರಕ್ಷರದ ಒಂದು ಗುರುತು ಇದೆ: ಕ್ಯೂಎಸ್‌ಪಿ. ಪ್ರಶ್ನೆಯಾಗಿ ಕಳಿಸಿದರೆ ‘ಇಂಥವರಿಗೆ ನನ್ನ ಸಂದೇಶವನ್ನು ಉಚಿತವಾಗಿ ದಾಟಿಸುವಿರಾ’ ಎಂದರ್ಥ. ಉತ್ತರವಾಗಿ ಕಳಿಸಿದರೆ ‘ದಾಟಿಸುತ್ತೇನೆ’ ಎಂದು. ‘ಉಚಿತವಾಗಿ’ ಎಂಬ ಮಾತು ಸಂಕೇತದ ಅಧಿಕೃತ ಅರ್ಥದೊಳಗೇ ಇರುವುದು ನನಗೆ ತುಂಬ ಮೆಚ್ಚಿಗೆಯಾದ ಸಂಗತಿ. ಹ್ಯಾಮ್ ರೇಡಿಯೋದಲ್ಲಿ ಹಣಕ್ಕಾಗಿ ಸಂದೇಶ ಸಾಗಿಸುವಂತಿಲ್ಲ. ಅಂಚೆಯ ಓಟಗಾರನಿಗೆ ಸಂಬಳವಿತ್ತು. ಈ ಓಟಗಾರರಿಗೆ ಪ್ರೀತಿಯೊಂದೇ ಕೂಲಿ.

ಇನ್ನು ರಿಪೀಟರ್. ನಮ್ಮಲ್ಲಿ ರಿಪೀಟರ್ ಎಂದರೆ ಪರೀಕ್ಷೆಗೆ ಎರಡನೆಯ ಸಲ ಕೂರುವ ವಿದ್ಯಾರ್ಥಿ. ಪದದ ಲ್ಯಾಟಿನ್ ಮೂಲದಲ್ಲಿ ‘ಮತ್ತೆ ಅರಸಿಕೊಂಡು ಹೋಗು’ ಎಂಬ ಅರ್ಥ ಇರುವುದರಿಂದ ಆ ಬಳಕೆ ಗೌರವದ್ದೇ. ರೇಡಿಯೋದಲ್ಲಿ ರಿಪೀಟರ್ ಎಂದರೆ ಬೆಟ್ಟದ ತುದಿಯಲ್ಲೋ ಎತ್ತರದ ಕಟ್ಟಡದ ಮೇಲೋ ನಿಂತು, ಕೇಳಿದ್ದನ್ನು ಕೇಳಿದ ಕ್ಷಣವೇ ಮತ್ತೆ ನುಡಿಯುವ ಕೇಂದ್ರ. ಜರ್ಮನಿಯ ಹ್ಯಾಮ್‌ಗಳೂ ಫ್ರಾನ್ಸಿನ ಹ್ಯಾಮ್‌ಗಳೂ ಇದನ್ನು ಈಗಲೂ ‘ರಿಲೇ’ ಎಂದೇ ಕರೆಯುತ್ತಾರೆ.

ಇದರ ಅಗತ್ಯ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹೊಸ ಹ್ಯಾಮ್‌ಗಳು ಸಾಮಾನ್ಯವಾಗಿ ಕೈಸೆಟ್ಟು ಹಿಡಿದು ಬರುವುದು ಎರಡು ಮೀಟರ್ ಪಟ್ಟಿಗೆ. ಭಾರತದಲ್ಲಿ ಅದು 144ರಿಂದ 146 ಮೆಗಾಹರ್ಟ್ಸ್. ಈ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯ ದಾರಿಯಲ್ಲೇ ಚಲಿಸುತ್ತವೆ. ಭೂಮಿಯ ಬಾಗು ಅಡ್ಡ ಬಂದಲ್ಲಿ ಅವುಗಳ ಓಟ ಮುಗಿಯಿತು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆಯೆಂದು ಗೊತ್ತಾಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ಟು ಹಿಡಿದು ನಿಂತವನ ದಿಗಂತ 5 ಕಿಲೋಮೀಟರ್. ಬಯಲಿನಲ್ಲಿ ಇಂಥ ಇಬ್ಬರು ಹೆಚ್ಚೆಂದರೆ 10 ಕಿಲೋಮೀಟರ್ ಅಂತರದಲ್ಲಿ ಮಾತಾಡಬಹುದು. ಕಟ್ಟಡಗಳ ನಡುವೆ ಅಷ್ಟೂ ಇಲ್ಲ. ಈಗ ನಂದಿಬೆಟ್ಟದಷ್ಟು ಎತ್ತರದಲ್ಲಿ ಆಂಟೆನಾ ನಿಂತಿದೆಯೆಂದು ಊಹಿಸಿಕೊಳ್ಳಿ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಆ ಬೆಟ್ಟ ಬೆಂಗಳೂರಿನ ನೆಲಮಟ್ಟಕ್ಕಿಂತ ಸುಮಾರು 550 ಮೀಟರ್ ಮೇಲಿದೆ. ಅಲ್ಲಿಂದ ದಿಗಂತ ಸುಮಾರು 97 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಬೆಟ್ಟದ ಈ ಬದಿಯವನೂ ಆ ಬದಿಯವನೂ ಒಬ್ಬರಿಗೊಬ್ಬರು ಕಾಣದಿದ್ದರೇನು, ಇಬ್ಬರಿಗೂ ಬೆಟ್ಟ ಕಾಣುತ್ತದೆ.

ನಿಮ್ಮ ಕೈಸೆಟ್ಟಿನ 5 ವಾಟ್ ಅಲೆ ಬೆಟ್ಟ ಹತ್ತುವಷ್ಟರಲ್ಲಿ ಅಳತೆಗೂ ಸಿಗದಷ್ಟು ಕೃಶವಾಗಿರುತ್ತದೆ. ಮೇಲಿನ ರಿಸೀವರ್ ಅದರಿಂದ ಮಾತನ್ನಷ್ಟೇ ತೆಗೆದುಕೊಂಡು ಅಲೆಯನ್ನು ಅಲ್ಲೇ ಬಿಡುತ್ತದೆ. ಪಕ್ಕದ ಟ್ರಾನ್ಸ್‌ಮಿಟರ್ ಅದೇ ಮಾತನ್ನು ತನ್ನ ಸ್ವಂತ ಹೊಸ ಅಲೆಯ ಮೇಲೆ ಏರಿಸಿ ಕಳಿಸುತ್ತದೆ. ಪತ್ರ ಅದೇ, ಕುದುರೆ ಬೇರೆ. ಬರುವ ಅಲೆಗೂ ಹೋಗುವ ಅಲೆಗೂ ಕಂಪನಾಂಕ ಬೇರೆಯಿರಬೇಕು. ಎರಡು ಮೀಟರ್ ಪಟ್ಟಿಯಲ್ಲಿ ರೂಢಿಯ ಅಂತರ 600 ಕಿಲೋಹರ್ಟ್ಸ್. ರಿಪೀಟರ್ 145.600ರಲ್ಲಿ ನುಡಿಯುತ್ತಿದ್ದರೆ ಅದು ಕಿವಿಗೊಟ್ಟಿರುವುದು 145.000ದಲ್ಲಿ ಎಂದುಕೊಳ್ಳಿ. ತನ್ನ ದನಿಯೇ ತನ್ನ ಕಿವಿಯನ್ನು ಮುಚ್ಚದಂತೆ ಎರಡನ್ನೂ ಬೇರೆ ಮಾಡಿ ಕಾಯುವುದು ಡುಪ್ಲೆಕ್ಸರ್ ಎಂಬ ಲೋಹದ ಸಿಲಿಂಡರುಗಳ ಸಾಲು. ಅದನ್ನು ಕರಾರುವಾಕ್ಕಾಗಿ ಶ್ರುತಿ ಮಾಡುವುದು ಕ್ಲಬ್ಬಿನ ಹಿರಿಯರ ನುರಿತ ಕೈಗಷ್ಟೇ ಒಲಿಯುವ ವಿದ್ಯೆ.

ಇಲ್ಲಿಗೆ ಬರುವ ದಾರಿ ಕಷ್ಟದ್ದಲ್ಲ. ಭಾರತದಲ್ಲಿ 12 ವರ್ಷ ತುಂಬಿದ ಯಾರಾದರೂ ದೂರಸಂಪರ್ಕ ಇಲಾಖೆಯ ಹವ್ಯಾಸಿ ನಿರ್ವಾಹಕ ಪರೀಕ್ಷೆಗೆ ಕೂರಬಹುದು. ರೇಡಿಯೋ ತತ್ವ ಮತ್ತು ನಿಯಮಗಳು ಪಠ್ಯ. ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಾಗಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗ ಬೇಕು. ಬೆಂಗಳೂರಿನಲ್ಲಿ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮುಂತಾದ ಸಂಸ್ಥೆಗಳು ಈ ವಿದ್ಯೆಯನ್ನು ಬೆಳೆಸಿಕೊಂಡು ಬಂದಿವೆ. ಪಾಸಾದ ಮೇಲೆ ಲೈಸೆನ್ಸು ಪಡೆದರೆ ‘ವಿಯು’ ಎಂದು ಆರಂಭವಾಗುವ ಕಾಲ್‌ಸೈನ್ ನಿಮ್ಮದಾಗುತ್ತದೆ. ಮುಂದೆ ಗಾಳಿಯಲ್ಲಿ ನಿಮ್ಮ ಹೆಸರು ಅದೇ. ಲೈಸೆನ್ಸು ಕೈಗೆ ಬರುವ ಮುಂಚೆ ಸೆಟ್ಟು ಕೊಂಡು ಮಾತಾಡಲು ಹೊರಡಬಾರದು.

ಸೆಟ್ಟು ಬಂದಾಗ ಹೆಚ್ಚಿನವರು ಮುಗ್ಗರಿಸುವುದು ಒಂದೇ ಕಡೆ: ರಿಪೀಟರ್ ಕೇಳಿಸುತ್ತದೆ, ಆದರೆ ತಾವು ಗುಂಡಿ ಒತ್ತಿದರೆ ಅದು ಓಗೊಡುವುದಿಲ್ಲ. ಆಗ ನೋಡಬೇಕಾದದ್ದು ಎರಡು. ಒಂದು, ಕಂಪನಾಂಕದ ಅಂತರ ಸರಿಯಾದ ದಿಕ್ಕಿಗೆ ಇದೆಯೇ ಎಂಬುದು. ಇನ್ನೊಂದು, ಟೋನ್ ಹಾಕಿದ್ದೀರೋ ಎಂಬುದು. ಸುಮಾರು 67ರಿಂದ 254 ಹರ್ಟ್ಸ್ ನಡುವಿನ ಸಣ್ಣದೊಂದು ನಾದ ಮಾತಿನಡಿಯಲ್ಲಿ ಹರಿಯುತ್ತಿರಬೇಕು. ಅನೇಕ ರಿಪೀಟರುಗಳು ಆ ನಾದ ಕೇಳಿದರೆ ಮಾತ್ರ ಬಾಗಿಲು ತೆರೆಯುತ್ತವೆ.

ಬಾಗಿಲು ತೆರೆದ ಮೇಲಿನ ಶಿಸ್ತನ್ನು ರಿಲೇ ಪದದ ಮೂಲವೇ ಕಲಿಸುತ್ತದೆ. ಮೊದಲು ಸುಮ್ಮನೆ ಕೇಳಬೇಕು. ಗುಂಡಿ ಒತ್ತಿ ಅರೆಕ್ಷಣ ತಡೆದು ಮಾತು ಶುರುಮಾಡಬೇಕು; ಯಂತ್ರ ಎಚ್ಚರವಾಗಲು ಅಷ್ಟು ಹೊತ್ತು ಬೇಕು, ಇಲ್ಲದಿದ್ದರೆ ಮೊದಲ ಅಕ್ಷರ ಉದುರಿಹೋಗುತ್ತದೆ. ಕಾಲ್‌ಸೈನ್ ಹೇಳಿ ‘ಕೇಳುತ್ತಿದ್ದೇನೆ’ ಎಂದರೆ ಸಾಕು. ದೂರದ ಅಲೆಪಟ್ಟಿಗಳಲ್ಲಿ ಮಾಡುವಂತೆ, ‘ಯಾರಾದರೂ ಇದ್ದೀರಾ’ ಎಂಬರ್ಥದಲ್ಲಿ ಸಿಕ್ಯೂ ಸಿಕ್ಯೂ ಎಂದು ಕೂಗುವ ರೂಢಿ ಇಲ್ಲಿಲ್ಲ. ಆಮೇಲೆ ಗುಂಡಿ ಬಿಡಬೇಕು. ಇನ್ನೊಬ್ಬರ ಮಾತು ಮುಗಿದೊಡನೆ ಮೇಲೆ ಬೀಳದೆ, ರಿಪೀಟರಿನ ಬೀಪ್ ಕೇಳುವವರೆಗೆ ಬಿಡುವು ಕೊಡಬೇಕು. ಆ ಒಂದೆರಡು ಸೆಕೆಂಡಿನ ಬಿಡುವಿನಲ್ಲಿ ಹೊಸಬನೊಬ್ಬ ತನ್ನ ಕಾಲ್‌ಸೈನ್ ಹೇಳಿ ಒಳಬರಬಹುದು. ತುರ್ತಿನಲ್ಲಿರುವ ಯಾರೋ ಕರೆಯಬಹುದು. ಯಾರಾದರೂ ಬಿಡದೆ ಮಾತಾಡುತ್ತಲೇ ಹೋದರೆ ಕೆಲವು ನಿಮಿಷಗಳಲ್ಲಿ ರಿಪೀಟರಿನೊಳಗಿನ ಗಡಿಯಾರ ತಾನೇ ಬಾಗಿಲು ಮುಚ್ಚುತ್ತದೆ. ಬಿಡುವುದು ಇಲ್ಲಿ ಬರಿಯ ಸೌಜನ್ಯವಲ್ಲ. ಒಂದೇ ದಾರಿಯನ್ನು ಹಲವರು ಹಂಚಿಕೊಂಡಿರುವಲ್ಲಿ ಬಿಟ್ಟರಷ್ಟೇ ಮಾತು ಮುಂದೆ ಸಾಗುತ್ತದೆ. ಕನ್ನಡದ ‘ಬಿಡು’ ಧಾತುವಿನಿಂದಲೇ ಬಿಡುವು, ಬಿಡುಗಡೆ, ಬಿಟ್ಟುಕೊಡು ಎಲ್ಲವೂ ಹುಟ್ಟಿವೆ. ಹಳೆಯ ಫ್ರೆಂಚ್ ಬೇಟೆಗಾರ ಹಗ್ಗ ಬಿಟ್ಟಾಗ ಅವನ ಬಾಯಲ್ಲಿದ್ದದ್ದೂ ಇದೇ ಅರ್ಥದ ಮಾತು.

ಬೆಟ್ಟಕ್ಕಿಂತ ಎತ್ತರದ ಕಟ್ಟೆಯೂ ಉಂಟು. 1961ರಲ್ಲಿ ಹವ್ಯಾಸಿಗಳ ಮೊದಲ ಉಪಗ್ರಹ ಆಸ್ಕರ್-1 ಕಕ್ಷೆಗೆ ಏರಿತು. 1965ರ ಆಸ್ಕರ್-3 ಕೆಳಗಿನಿಂದ ಬಂದ ದನಿಗಳನ್ನು ಮರಳಿ ಕಳಿಸಿತು. 2005ರ ಮೇ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟನ್ನೂ ಹೊತ್ತೊಯ್ದಿತು. 42.5 ಕಿಲೋ ತೂಕದ ಆ ಉಪಗ್ರಹದಲ್ಲಿ ದನಿ ದಾಟಿಸುವ ಎರಡು ಉಪಕರಣಗಳಿದ್ದವು: ಒಂದನ್ನು ಭಾರತದ ಹ್ಯಾಮ್‌ಗಳು ಮಾಡಿದ್ದರು, ಇನ್ನೊಂದನ್ನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ. 2014ರವರೆಗೆ ಅದು ಜಗತ್ತಿನ ಹವ್ಯಾಸಿಗಳಿಗೆಲ್ಲ ನೆರವಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಈಗ ಒಂದು ಹವ್ಯಾಸಿ ರಿಪೀಟರ್ ಇದೆ. ಅದನ್ನು ತೆರೆಯಲು ಬೇಕಾದದ್ದೂ 67 ಹರ್ಟ್ಸ್‌ನ ಅದೇ ಸಣ್ಣ ನಾದ.

ಆದರೆ ಕಟ್ಟೆಗಳೆಲ್ಲ ಕುಸಿದಾಗ ಉಳಿಯುವುದು ಮನುಷ್ಯನೇ. 2004ರ ಡಿಸೆಂಬರಿನಲ್ಲಿ ಹ್ಯಾಮ್‌ಗಳ ತಂಡವೊಂದು ದೂರದೇಶಗಳ ಸಂಪರ್ಕಕ್ಕೆಂದು ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ಕೇಂದ್ರ ಹೂಡಿತ್ತು. 26ರಂದು ಸುನಾಮಿ ಅಪ್ಪಳಿಸಿ ಸಂಪರ್ಕ ಕಡಿದುಹೋದಾಗ ಆ ತಂಡ ಹವ್ಯಾಸವನ್ನು ಬದಿಗಿಟ್ಟು ದ್ವೀಪಗಳ ಸುದ್ದಿಯನ್ನು ದಾಟಿಸಲು ಕೂತಿತು. ಬದುಕುಳಿದವರ ಸುದ್ದಿಯನ್ನು ಮುಖ್ಯನಾಡಿನ ಹ್ಯಾಮ್‌ಗಳು ಕಿವಿಗೊಟ್ಟು ಬರೆದುಕೊಂಡು ಮುಂದಕ್ಕೆ ತಲುಪಿಸಿದರು. ನಮ್ಮಲ್ಲಿ ಬೇರೆಯವರ ಸಂದೇಶ ಸಾಗಿಸಲು ಹ್ಯಾಮ್‌ಗಳಿಗೆ ಅವಕಾಶವಿರುವುದು ಇಂಥ ವಿಪತ್ತಿನ ವೇಳೆಯಲ್ಲಿ. ಸಂಜೆಯ ಹೊತ್ತು ರಿಪೀಟರ್ ಮೇಲೆ ಹವಾಮಾನ, ಆಂಟೆನಾ, ಊಟ ತಿಂಡಿಯ ಮಾತಾಡುತ್ತ ಬಿಡುವು ಕೊಡುವುದನ್ನು ರೂಢಿಸಿಕೊಂಡ ಕಿವಿ ಆ ವೇಳೆಗೆ ಸಿದ್ಧವಾಗಿರುತ್ತದೆ. ದಿನದ ಹರಟೆ ವ್ಯರ್ಥವಲ್ಲ ಎನ್ನುವುದು ಇದಕ್ಕೇ.

ಕೊನೆಗೆ ಕನ್ನಡದ ಮಾತು. ರಿಲೇಗೆ ನಾವು ‘ಸರದಿ’ ಎನ್ನುತ್ತೇವೆ, ರಿಪೀಟರಿಗೆ ‘ಪುನರಾವರ್ತಕ’ ಎಂದು ಬರೆಯುತ್ತೇವೆ. ಸರದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಆದರೆ ಹೆಗಲಿನಿಂದ ಹೆಗಲಿಗೆ ದಾಟುವ ಹೊರೆ ಅದರಲ್ಲಿಲ್ಲ. ಪುನರಾವರ್ತಕದಲ್ಲಿ ಹೇಳಿದ್ದನ್ನೇ ಹೇಳುವುದಿದೆ, ಮುಂದಿನವರಿಗೆ ಮುಟ್ಟಿಸುವ ಕಾಳಜಿ ಇಲ್ಲ. ಅಂಚೆಯಲ್ಲಿ ಎರಡೂ ಇವೆ. ಇಮೇಲ್ ಬಂದಾಗ ಕನ್ನಡ ತಡಮಾಡದೆ ‘ಮಿಂಚಂಚೆ’ ಎಂದಿತು. ಪದಕ್ಕೆ ಇನ್ನೂ ಕುಡಿಯೊಡೆಯುವ ಚೈತನ್ಯವಿದೆ. ಹ್ಯಾಮ್‌ಗಳು ರಿಪೀಟರ್ ಎನ್ನುವುದನ್ನು ಬಿಡಬೇಕಾಗಿಲ್ಲ, ಬಾಯಿಗೆ ಒಗ್ಗಿದ ಪದ ಅದು. ಆದರೆ ಕನ್ನಡದಲ್ಲಿ ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸುವವರು ಅದನ್ನು ‘ದನಿಯಂಚೆ’ ಎಂದು ಪರಿಚಯಿಸಲಿ ಎಂದು ನನ್ನ ಆಸೆ. ಆ ಹೆಸರು ಕೇಳಿದ ಮಗುವಿಗೆ ಗುಂಡಿ ಒತ್ತುವ ಮುನ್ನವೇ ಎರಡು ವಿಷಯ ತಿಳಿದಿರುತ್ತವೆ: ತನ್ನ ಮಾತನ್ನು ಯಾರೋ ಹೊತ್ತು ದಾಟಿಸುತ್ತಿದ್ದಾರೆ, ಇನ್ನೊಬ್ಬರ ಮಾತನ್ನು ಹೊರುವ ಸರದಿ ಒಂದು ದಿನ ತನಗೂ ಬರುತ್ತದೆ.